ನೋವು ತಲೆಯಲ್ಲಿ, ಅಯಸ್ಕಾಂತ ಹೆಗಲ ಮೇಲೆ

ಮೈಗ್ರೇನ್ ನಮ್ಮ ಊರುಗಳಲ್ಲಿ ತನ್ನ ಸ್ವಂತ ಹೆಸರಿನಲ್ಲಿ ಓಡಾಡುವುದು ಕಡಿಮೆ. ಜೊತೆಗೆ ವಾಂತಿಯಾಗಿ ಹಳದಿ ನೀರು ಬಂದರೆ ಅದು ಪಿತ್ತ. ಹುಬ್ಬಿನ ಮೇಲೆ ಹಿಡಿದರೆ ಸೈನಸ್. ಬಿಸಿಲಲ್ಲಿ ನಾಟಿ ಮಾಡಿ ಬಂದ ಸಂಜೆ ಶುರುವಾದರೆ ಉಷ್ಣ, ತಲೆಗೆ ನೀರು ಹಾಕಿಕೊಂಡ ದಿನ ಬಂದರೆ ಶೀತ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ಮಾರನೆಯ ದಿನ ಬಂದರೆ ಟೆನ್ಷನ್. ಕತ್ತು ಹಿಡಿದುಕೊಂಡು ಅಲ್ಲಿಂದ ತಲೆಗೆ ಏರಿದರೆ ಮೂಳೆ ಸವೆತ. ಇವೆಲ್ಲ ಒಂದೇ ಕಾಯಿಲೆಯ ಮುಖಗಳಾಗಿರಬಹುದು ಎಂದು ಯಾರೂ ಹೇಳುವುದಿಲ್ಲ. ಹೇಳುವಷ್ಟು ಹೊತ್ತು ಯಾರ ಬಳಿಯೂ ಇರುವುದಿಲ್ಲ. ತಲೆಗೆ ಸ್ನಾನ ಮಾಡಿದರೆ ಬರುವ ನೋವನ್ನು ಹೆಂಗಸರ ಭ್ರಮೆ ಎಂದು ತಳ್ಳಿಹಾಕುವವರು ಇಂದಿಗೂ ಇದ್ದಾರೆ. ಆದರೆ ಮುಂಬೈನ ತಲೆನೋವು ತಜ್ಞ ಕೆ. ರವಿಶಂಕರ್ ಅವರು 2006ರಲ್ಲಿ ಇಂಥ 94 ಭಾರತೀಯ ರೋಗಿಗಳ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿ, ಅದು ಮೈಗ್ರೇನನ್ನು ಕೆರಳಿಸುವ ಒಂದು ನಿಜವಾದ ಕಾರಣ ಎಂದು ದಾಖಲಿಸಿದರು. ಹೀಗೆ ಹಲವು ಹೆಸರುಗಳಲ್ಲಿ ಬದುಕುವ ಈ ಕಾಯಿಲೆಗೆ ಈಗ ಒಂದು ಹೊಸ ಚಿಕಿತ್ಸೆಯ ಮಾತು ಕೇಳಿಬರುತ್ತಿದೆ. ಮಾತ್ರೆಯಿಲ್ಲ, ಸೂಜಿಯಿಲ್ಲ, ಕತ್ತು ಮತ್ತು ಹೆಗಲಿನ ಸ್ನಾಯುವಿನ ಮೇಲೆ ಕಾಂತೀಯ ಮಿಡಿತಗಳನ್ನು ಹಾಯಿಸಿ ತಲೆನೋವಿನ ದಿನಗಳನ್ನು ಕಡಿಮೆ ಮಾಡುವ ವಿಧಾನ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ಪ್ರಯೋಗಕ್ಕೆ ಯೋಗ್ಯವಾದ ವಿಚಾರ, ಮಾರಾಟಕ್ಕೆ ಇನ್ನೂ ಯೋಗ್ಯವಾಗಿಲ್ಲ. ಈ ಎರಡರ ನಡುವಿನ ಅಂತರ ಎಷ್ಟು ಎಂಬುದನ್ನು ತೋರಿಸುವುದಕ್ಕೇ ಈ ಬರಹ.

ಮೈಗ್ರೇನ್ ಎಂದರೆ ಕಂಪ್ಯೂಟರ್ ಮುಂದೆ ಕೂರುವ ಬೆಂಗಳೂರಿನವರ ಕಾಯಿಲೆ, ನಮ್ಮ ಮೈಸೂರು ಜಿಲ್ಲೆಯ ಚಿಕ್ಕಯ್ಯನಛತ್ರ ಹೋಬಳಿಯ ರೈತಾಪಿ ಜನಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿದೆ. ನಿಮ್ಹಾನ್ಸ್‌ನ ಗಿರೀಶ್ ಕುಲಕರ್ಣಿ, ಗಿರೀಶ್ ರಾವ್, ಜಿ. ಗುರುರಾಜ್ ಮತ್ತು ಅವರ ವಿದೇಶಿ ಸಹೋದ್ಯೋಗಿಗಳು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, 18ರಿಂದ 65 ವಯಸ್ಸಿನ 2,329 ಜನರನ್ನು ಮಾತನಾಡಿಸಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಕಂಡವರು ಶೇ. 63.9. ಮೈಗ್ರೇನ್ ಲಕ್ಷಣ ಇದ್ದವರು ಶೇ. 25.2, ಅಂದರೆ ನಾಲ್ವರಲ್ಲಿ ಒಬ್ಬರು. ಹೆಂಗಸರಲ್ಲಿ ಮೈಗ್ರೇನಿನ ಸಾಧ್ಯತೆ ಗಂಡಸರಿಗಿಂತ ಸುಮಾರು ಎರಡು ಪಟ್ಟು ಇತ್ತು. ಅದು ಲೋಕದಲ್ಲೆಲ್ಲ ಇರುವ ಸಂಗತಿಯೇ. ಅಚ್ಚರಿಯ ಅಂಶವೆಂದರೆ ಪಟ್ಟಣದವರಿಗಿಂತ ಹಳ್ಳಿಯವರಲ್ಲಿ ಅದು ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು. ಮೈಸೂರು ಜಿಲ್ಲೆಯನ್ನು ಈ ಸಮೀಕ್ಷೆ ಅಳೆಯಲಿಲ್ಲ, ನಿಜ. ಆದರೂ ಹೊತ್ತು ಮೀರಿದ ಊಟ, ಶನಿವಾರ ಸೋಮವಾರದ ಒಪ್ಪತ್ತು, ನೆತ್ತಿ ಸುಡುವ ಬಿಸಿಲು, ತಲೆಯ ಮೇಲಿನ ಹುಲ್ಲಿನ ಹೊರೆ, ತಾಂಡ್ಯದ ಕಾರ್ಖಾನೆಗಳ ಪಾಳಿ ಕೆಲಸದಲ್ಲಿ ಕೆಡುವ ನಿದ್ದೆ, ಇವನ್ನೆಲ್ಲ ಬಲ್ಲವರು ಕಬಿನಿ ಬಯಲಿನ ಹಳ್ಳಿಗಳು ಈ ಲೆಕ್ಕದಿಂದ ಹೊರಗುಳಿಯುತ್ತವೆ ಎಂದು ವಾದಿಸುವುದು ಕಷ್ಟ.

ತಲೆಯ ನೋವಿಗೆ ಕತ್ತನ್ನು ಮುಟ್ಟುವುದೇಕೆ? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರವಿದೆ. ಆ ಉತ್ತರ ಇಲ್ಲದಿದ್ದರೆ ಇಡೀ ವಿಷಯವನ್ನು ಇಲ್ಲಿಗೇ ಬಿಡಬಹುದಿತ್ತು. ಮುಖ, ಹಣೆ ಮತ್ತು ಮಿದುಳಿನ ಹೊದಿಕೆಯ ನೋವನ್ನು ಹೊತ್ತು ತರುವುದು ಟ್ರೈಜೆಮಿನಲ್ ಎಂಬ ನರ. ಅದರ ಎಳೆಗಳು ಮಿದುಳಿನ ಬುಡದಿಂದ ಕೆಳಗಿಳಿದು ಕತ್ತಿನ ಮೇಲ್ಭಾಗದ ಬೆನ್ನುಹುರಿಯವರೆಗೂ ಬರುತ್ತವೆ. ಕತ್ತಿನ ಮೊದಲ ಮೂರು ನರಗಳು, ಅಂದರೆ ತಲೆಯ ಹಿಂಬದಿ ಮತ್ತು ಕತ್ತಿನ ಸ್ನಾಯುಗಳ ಸುದ್ದಿ ತರುವ ನರಗಳು, ಬಂದು ಸೇರುವುದೂ ಅದೇ ಜಾಗಕ್ಕೆ. ಎರಡೂ ಕಡೆಯ ಸುದ್ದಿಯನ್ನು ಒಂದೇ ನರಕೋಶ ಕೇಳಿಸಿಕೊಳ್ಳುವುದರಿಂದ ಯಾವುದು ಎಲ್ಲಿಂದ ಬಂತೆಂದು ಮಿದುಳಿಗೆ ಬೇರ್ಪಡಿಸಲಾಗುವುದಿಲ್ಲ. ಸಂಶೋಧಕರಾದ ಬಾರ್ಟ್ಶ್ ಮತ್ತು ಗೋಡ್ಸ್‌ಬಿ 2002ರ ಸುಮಾರಿಗೆ ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕತ್ತಿನ ಹಿಂಬದಿಯ ನರವನ್ನು ಕೆರಳಿಸಿದಾಗ ಮಿದುಳಿನ ಹೊದಿಕೆಯಿಂದ ಬರುವ ಸಂಕೇತಗಳಿಗೆ ಆ ಕೋಶಗಳು ಹೆಚ್ಚು ಉಗ್ರವಾಗಿ ಪ್ರತಿಕ್ರಿಯಿಸಿದವು. ಮನುಷ್ಯರಲ್ಲೂ ಕುರುಹುಗಳಿವೆ. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೈಗ್ರೇನ್ ಇರುವವರಲ್ಲಿ ಶೇ. 77 ಜನಕ್ಕೆ ಕತ್ತುನೋವೂ ಇತ್ತು. ತಲೆನೋವಿಲ್ಲದವರಲ್ಲಿ ಅದು ಶೇ. 23 ಮಾತ್ರ. ದಿನ ಬಿಟ್ಟು ದಿನ ತಲೆನೋಯುವವರಿಗೆ ಕೊಡುವ ಬೊಟಾಕ್ಸ್ ಚಿಕಿತ್ಸೆಯಲ್ಲಿ ಒಂದು ಸಲಕ್ಕೆ 31 ಕಡೆ ಸಣ್ಣ ಚುಚ್ಚುಮದ್ದು ಹಾಕುತ್ತಾರೆ. ಅದರಲ್ಲಿ ಆರು ಹೆಗಲಿನ ಸ್ನಾಯುವಿಗೆ, ನಾಲ್ಕು ಕತ್ತಿಗೆ. ಆದ್ದರಿಂದ ‘ಕತ್ತಿನಿಂದ ಹಿಡಕೊಂಡು ಮೇಲಕ್ಕೆ ಏರುತ್ತೆ’ ಎಂದು ರೋಗಿ ಹೇಳಿದರೆ ಅದು ತಪ್ಪು ವರ್ಣನೆಯಲ್ಲ. ಅದರ ಆಧಾರದ ಮೇಲೆ ಎಕ್ಸ್‌ರೇ ತೆಗೆಸಿ ಮೂಳೆ ಸವೆತ ಎಂದು ಬರೆದುಕೊಡುವುದು ಮಾತ್ರ ಬಹಳ ಸಲ ತಪ್ಪಾಗುತ್ತದೆ. ನಲವತ್ತು ದಾಟಿದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಆ ಸವೆತ, ನೋವಿಲ್ಲದೆಯೂ ಕಾಣುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕತ್ತುನೋವು ಮೈಗ್ರೇನಿಗೆ ಕಾರಣವೋ, ಮೈಗ್ರೇನಿನದೇ ಒಂದು ಲಕ್ಷಣವೋ? ದಾರಿ ಎರಡೂ ಕಡೆಗೆ ತೆರೆದಿದೆ. ತಲೆ ಸಿಡಿಯುವುದಕ್ಕೆ ಹಲವು ಗಂಟೆ ಮೊದಲೇ ಕತ್ತು ಬಿಗಿಯುವುದು, ಆಕಳಿಕೆ ಬರುವುದು, ಸಿಡುಕು ಹತ್ತುವುದು ಅನೇಕರಿಗೆ ಗೊತ್ತಿರುವ ಅನುಭವ. ಅವರಿಗೆ ಕತ್ತು ಬಿಗಿದದ್ದರಿಂದ ತಲೆನೋವು ಬಂದಂತೆ ತೋರುತ್ತದೆ. ಆದರೆ ದಾಳಿ ಆಗಲೇ ಮಿದುಳಿನಲ್ಲಿ ಶುರುವಾಗಿದ್ದು, ಕತ್ತು ಅದರ ಮೊದಲ ಸುದ್ದಿ ಕೊಟ್ಟಿರಬಹುದು. ಹಾಗಿದ್ದರೆ ಕತ್ತಿನ ಸ್ನಾಯುವನ್ನು ಸಡಿಲಿಸಿ ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದು. ಅದನ್ನು ಅಂಗರಚನೆಯ ಚಿತ್ರ ತೋರಿಸಿ ಬಗೆಹರಿಸಲಾಗದು. ಚಿಕಿತ್ಸೆ ಕೊಟ್ಟು, ಕೊಡದೆ, ಹೋಲಿಸಿ ನೋಡಬೇಕು.

ಆ ಹೋಲಿಕೆಗೆ ಹೋಗುವ ಮೊದಲು ಅಯಸ್ಕಾಂತ ಎಂಬ ಪದದಿಂದ ಆಗುವ ಗೊಂದಲವನ್ನು ಬಿಡಿಸಬೇಕು. ನಮ್ಮ ಕಡೆ ಅಯಸ್ಕಾಂತದ ಹಾಸಿಗೆ, ದಿಂಬು, ಕೈಬಳೆ, ಕತ್ತಿನ ಸರ ಮಾರುವವರು ಕಡಿಮೆಯಿಲ್ಲ. ಸರಪಳಿ ವ್ಯಾಪಾರದ ಸಭೆಗಳಲ್ಲಿ ಸಾವಿರಾರು ರೂಪಾಯಿಗೆ ಹಾಸಿಗೆ ಕೊಂಡವರೂ ಇದ್ದಾರೆ. ಅವಕ್ಕೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಕದಲದೆ ಕೂತ ಅಯಸ್ಕಾಂತ ನರದಲ್ಲಿ ವಿದ್ಯುತ್ ಹುಟ್ಟಿಸುವುದಿಲ್ಲ. ಕಾಂತಕ್ಷೇತ್ರ ಬದಲಾಗುತ್ತಿರಬೇಕು ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ. ಊರ ಮುಂದಿನ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಸುರುಳಿಯ ವಿದ್ಯುತ್ತು ಮುಟ್ಟದೆಯೇ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಎಬ್ಬಿಸುತ್ತದಲ್ಲ, ಇಲ್ಲಿ ಆ ಎರಡನೆಯ ಸುರುಳಿಯ ಜಾಗದಲ್ಲಿ ನಮ್ಮ ನರ ಇರುತ್ತದೆ. ತಾಮ್ರದ ಸುರುಳಿಯೊಂದರಲ್ಲಿ ಸಾವಿರಾರು ಆಂಪಿಯರ್ ಪ್ರವಾಹವನ್ನು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು ಹರಿಸಿದರೆ ಒಂದೆರಡು ಟೆಸ್ಲಾದಷ್ಟು ಬಲದ ಕ್ಷೇತ್ರ ಮಿಂಚಿ ಮರೆಯಾಗುತ್ತದೆ. ಬಟ್ಟೆ, ಚರ್ಮ, ಮೂಳೆ ಯಾವುದೂ ಅದಕ್ಕೆ ಅಡ್ಡಿಯಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1982ರಲ್ಲಿ ಹೀಗೆ ಮೊದಲು ಪ್ರಚೋದಿಸಿದ್ದು ಮಿದುಳಿನ ಹೊರಗಿನ ನರವನ್ನು. ಮಿದುಳಿನ ಮೇಲೆ ಸುರುಳಿ ಇಟ್ಟು ಕೈ ಸ್ನಾಯು ಅದುರುವುದನ್ನು ತೋರಿಸಿದ್ದು 1985ರಲ್ಲಿ. ಜಗತ್ತು ಎರಡನೆಯದರ ಹಿಂದೆ ಹೋಯಿತು. ಕತ್ತಿನ ಚಿಕಿತ್ಸೆ ಮರಳಿ ಮೊದಲನೆಯದಕ್ಕೆ ಬಂದಿದೆ.

ಮಿದುಳಿನ ಮೇಲಿಡುವ ಸುರುಳಿಗೆ ಮೈಗ್ರೇನಿನಲ್ಲಿ ಸಾಕ್ಷ್ಯ ಇದೆ, ಸಾಧಾರಣ ಮಟ್ಟದ್ದು. ಕಣ್ಣಮುಂದೆ ಬೆಳಕಿನ ಗೆರೆ ಕಂಡು ಬರುವ ಮೈಗ್ರೇನಿನಲ್ಲಿ ತಲೆಯ ಹಿಂಬದಿಗೆ ಕೊಟ್ಟ ಮಿಡಿತದಿಂದ ಎರಡು ಗಂಟೆಯಲ್ಲಿ ನೋವು ಪೂರ್ತಿ ಹೋದವರು ಶೇ. 39, ಹುಸಿ ಯಂತ್ರ ಹಿಡಿದವರಲ್ಲಿ ಶೇ. 22 ಎಂದು 2010ರ ಅಮೆರಿಕದ ಪ್ರಯೋಗ ಹೇಳಿತು. ಅದರ ಬಲದ ಮೇಲೆ ಅಲ್ಲಿಯ ಸರ್ಕಾರ 2013ರ ಡಿಸೆಂಬರಿನಲ್ಲಿ ಯಂತ್ರಕ್ಕೆ ಅನುಮತಿ ಕೊಟ್ಟಿತು. ನಮ್ಮ ದೇಶದಲ್ಲೇ, ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯಲ್ಲಿ, ಉಷಾಕಾಂತ ಮಿಶ್ರಾ ಮತ್ತು ಜಯಂತಿ ಕಲಿತಾ ಅವರ ತಂಡ ನೂರು ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿಂಗಳ ಕೊನೆಗೆ ತಲೆನೋವಿನ ಸಲಗಳು ಅರ್ಧಕ್ಕಿಂತ ಕಡಿಮೆಯಾದವರು ನಿಜ ಚಿಕಿತ್ಸೆಯಲ್ಲಿ ಶೇ. 78.7, ಹುಸಿ ಚಿಕಿತ್ಸೆಯಲ್ಲಿ ಶೇ. 33.3. ಹುಸಿ ಚಿಕಿತ್ಸೆಯ ಆ ಎರಡು ಅಂಕಿಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಲಿ: ಐವರಲ್ಲಿ ಒಬ್ಬರಿಗೂ, ಮೂವರಲ್ಲಿ ಒಬ್ಬರಿಗೂ ಯಂತ್ರ ಏನೂ ಮಾಡದೆಯೇ ಗುಣ ಕಂಡಿತ್ತು.

ಈಗ ಕತ್ತಿನ ಮಾತು. ಇದರಲ್ಲಿ ಹೆಚ್ಚು ಕೆಲಸ ಮಾಡಿರುವುದು ಜರ್ಮನಿಯ ಮ್ಯೂನಿಕ್ ನಗರದ ತಂಡ. ಕತ್ತಿನ ಹಿಂಬದಿಯಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಎಂಬ ಅಗಲ ಸ್ನಾಯುವಿನಲ್ಲಿ ಒತ್ತಿದರೆ ಜೀವ ಹೋಗುವಂತೆ ನೋಯುವ ಗಂಟುಗಳಿರುತ್ತವೆ. ಅವನ್ನು ಬೆರಳಿನಿಂದ ಹುಡುಕಿ, ಅವುಗಳ ಮೇಲೆ ಸುರುಳಿ ಇಟ್ಟು ಮಿಡಿತ ಕೊಡುವುದು ಅವರ ವಿಧಾನ. 2016ರಲ್ಲಿ ಸಣ್ಣ ಆರಂಭಿಕ ಅಧ್ಯಯನ ಪ್ರಕಟಿಸಿ, 2020ರಲ್ಲಿ ಹೋಲಿಕೆಯ ಪ್ರಯೋಗವೊಂದನ್ನು ಹೊರತಂದರು. ಅದರಲ್ಲಿದ್ದವರು 37 ಜನ. ಅವರಲ್ಲಿ 36 ಮಂದಿ ಹೆಂಗಸರು, ಸರಾಸರಿ ವಯಸ್ಸು 25. ಎಲ್ಲರಿಗೂ ಎರಡು ವಾರದಲ್ಲಿ ಆರು ಸಲ ಚಿಕಿತ್ಸೆ. 19 ಜನಕ್ಕೆ ಟ್ರಪೀಜಿಯಸ್ ಮೇಲೆ. ಉಳಿದ 18 ಜನಕ್ಕೆ ಹೋಲಿಕೆಗೆಂದು ತೋಳಿನ ಬುಡದ ಡೆಲ್ಟಾಯ್ಡ್ ಸ್ನಾಯುವಿನ ಮೇಲೆ. ತೋಳಿನ ಸ್ನಾಯುವಿಗೂ ತಲೆನೋವಿನ ನರಕೇಂದ್ರಕ್ಕೂ ನೇರ ನಂಟಿಲ್ಲ, ಹಾಗಾಗಿ ಅಲ್ಲಿ ಕೊಟ್ಟ ಚಿಕಿತ್ಸೆ ಪರಿಣಾಮ ಬೀರಬಾರದು ಎಂಬುದು ಅವರ ಎಣಿಕೆ. ತಲೆನೋವಿನಿಂದ ಕೆಲಸ ಕೆಟ್ಟ ದಿನಗಳನ್ನು ಅಳೆಯುವ ಮೈಡಾಸ್ ಎಂಬ ಪ್ರಶ್ನಾವಳಿಯ ಅಂಕ ಟ್ರಪೀಜಿಯಸ್ ಗುಂಪಿನಲ್ಲಿ 29ರಿಂದ 13ಕ್ಕೆ ಇಳಿಯಿತು. ಆ ಅಳತೆಯಲ್ಲಿ 21 ಅಥವಾ ಹೆಚ್ಚು ಬಂದರೆ ತೀವ್ರ ಎಂದು ಲೆಕ್ಕ, ಹಾಗಾಗಿ ಇದು ಸಣ್ಣ ಇಳಿಕೆಯಲ್ಲ. ಜಾಹೀರಾತು ಬರೆಯುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಡೆಲ್ಟಾಯ್ಡ್ ಗುಂಪಿನ ಅಂಕ 31ರಿಂದ 15ಕ್ಕೆ ಇಳಿದಿತ್ತು! ತಲೆನೋವಿನ ದಿನಗಳೂ ಎರಡೂ ಗುಂಪಿನಲ್ಲಿ ಗಮನಾರ್ಹವಾಗಿಯೇ ಕಡಿಮೆಯಾಗಿದ್ದವು. ಪರಿಣಾಮ ಬೀರಬಾರದು ಎಂದುಕೊಂಡ ಸ್ನಾಯು, ಬೀರಬೇಕು ಎಂದುಕೊಂಡ ಸ್ನಾಯುವಿಗೆ ಸರಿಸಮ ನಿಂತಿತು. ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ಹುಸಿ ಚಿಕಿತ್ಸೆಯ ಜೊತೆ ಹೋಲಿಸುವ ದೊಡ್ಡ ಪ್ರಯೋಗ ಬೇಕು ಎಂದು ತಾವೇ ಬರೆದರು.

ಈ ಫಲಿತಾಂಶವನ್ನು ಮೂರು ರೀತಿಯಲ್ಲಿ ಓದಬಹುದು, ಮೂರಕ್ಕೂ ಬೇರೆ ಬೇರೆ ಪರಿಣಾಮಗಳಿವೆ. ಮೊದಲ ಓದು ನಿಷ್ಠುರವಾದದ್ದು: ಇದೆಲ್ಲ ನಂಬಿಕೆಯ ಫಲ. ಟಕಟಕ ಸದ್ದು ಮಾಡುವ ದೊಡ್ಡ ಯಂತ್ರ, ಕಣ್ಣೆದುರೇ ಕುಣಿಯುವ ಸ್ನಾಯು, ಎರಡು ವಾರ ಕಾಳಜಿಯಿಂದ ಮಾತನಾಡಿಸುವ ಸಿಬ್ಬಂದಿ, ಇವು ಮಾತ್ರೆಗಿಂತ ಹೆಚ್ಚು ಭರವಸೆ ಹುಟ್ಟಿಸುತ್ತವೆ. ಎರಡನೆಯದು, ಕಾಲದ ಓದು. ಮೈಗ್ರೇನ್ ಏರಿಳಿಯುವ ಕಾಯಿಲೆ. ಜನ ಚಿಕಿತ್ಸೆಗೆ ಬರುವುದು ಅದು ಏರಿದಾಗ. ಏರಿದ್ದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತದೆ. ಆ ಇಳಿಕೆಯ ಕೀರ್ತಿ ಆ ಹೊತ್ತಿಗೆ ಕೈಯಲ್ಲಿದ್ದ ಚಿಕಿತ್ಸೆಗೆ ಸಲ್ಲುತ್ತದೆ, ಅದು ಸುರುಳಿಯಾದರೂ ಸರಿ, ತಾಯತವಾದರೂ ಸರಿ. ಮೂರನೆಯ ಓದು ನನಗೆ ಎಲ್ಲಕ್ಕಿಂತ ಕುತೂಹಲದ್ದು: ಡೆಲ್ಟಾಯ್ಡ್ ಜಡವಾದ ಹೋಲಿಕೆಯೇ ಆಗಿರಲಿಲ್ಲ. ತೋಳಿಗೆ ಕಟ್ಟಿಕೊಂಡು ಮೊಬೈಲಿನಿಂದ ನಡೆಸುವ ನೆರಿವಿಯೊ ಎಂಬ ವಿದ್ಯುತ್ ಪಟ್ಟಿಯ 2019ರ ಪ್ರಯೋಗದಲ್ಲಿ, ಎರಡು ಗಂಟೆಯೊಳಗೆ ನೋವು ತಗ್ಗಿದವರು ಶೇ. 66.7, ಹುಸಿ ಪಟ್ಟಿಯಲ್ಲಿ ಶೇ. 38.8. ದೇಹದ ಒಂದು ಕಡೆ ಬಲವಾದ ಸಂವೇದನೆ ಕೊಟ್ಟರೆ ಮಿದುಳುಬುಡದ ನೋವು ತಡೆಯುವ ವ್ಯವಸ್ಥೆ ಎಚ್ಚತ್ತು ಇನ್ನೊಂದು ಕಡೆಯ ನೋವನ್ನೂ ಅಡಗಿಸುತ್ತದೆ ಎಂಬ ತಿಳಿವಳಿಕೆಯ ಮೇಲೆ ಆ ಪಟ್ಟಿ ಕೆಲಸ ಮಾಡುತ್ತದೆ. ತೋಳಿನ ವಿದ್ಯುತ್ತು ತಲೆನೋವನ್ನು ತಗ್ಗಿಸಬಲ್ಲದಾದರೆ ತೋಳಿನ ಮೇಲಿನ ಕಾಂತೀಯ ಮಿಡಿತವೂ ತಗ್ಗಿಸೀತು. ಆಗ ಮ್ಯೂನಿಕ್ ಚಿಕಿತ್ಸೆ ನಿಜವಾಗಿಯೂ ಫಲಕಾರಿ, ಆದರೆ ಕತ್ತಿಗೆ ವಿಶೇಷ ಪಾತ್ರವಿಲ್ಲ. ಇಷ್ಟು ಚೆಂದದ ಅಂಗರಚನೆಯ ವಾದ ಕಟ್ಟಿ ಕೊನೆಗೆ ಇಲ್ಲಿಗೆ ಬಂದು ನಿಂತದ್ದು ವಿಜ್ಞಾನದಲ್ಲಿ ಹೊಸತೇನಲ್ಲ. ಮೂರರಲ್ಲಿ ಯಾವುದು ಸರಿ ಎಂದು 37 ಜನರ ಪ್ರಯೋಗ ಹೇಳಲಾರದು.

‘ಗುಣ ಕಂಡರೆ ಸಾಕಲ್ಲ, ಅದು ನಂಬಿಕೆಯಿಂದಲೋ ಸುರುಳಿಯಿಂದಲೋ ನೋಯುವವರಿಗೇನು?’ ಎಂಬ ಆಕ್ಷೇಪ ತಪ್ಪದೆ ಬರುತ್ತದೆ. ನೋವಿನಲ್ಲಿ ಇರುವವರ ಬಾಯಲ್ಲಿ ಅದು ನ್ಯಾಯವಾದ ಮಾತು, ಯಂತ್ರ ಮಾರುವವರ ಬಾಯಲ್ಲಿ ಅಲ್ಲ. ಇಂಥ ಕಾಂತೀಯ ಯಂತ್ರಗಳಿಗೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇಕು; ಆ ಹಣ ಒಂದೊಂದು ಸಲದ ಶುಲ್ಕವಾಗಿ ರೋಗಿಯಿಂದಲೇ ವಾಪಸು ಬರಬೇಕು. ಯಾವ ಸ್ನಾಯುವಾದರೂ ಆದೀತು, ವಿದ್ಯುತ್ತಾದರೂ ಆದೀತು ಎಂದಾದರೆ ಫಿಸಿಯೋಥೆರಪಿ ಕೋಣೆಯಲ್ಲಿ ಆಗಲೇ ಇರುವ, ಚರ್ಮದ ಮೇಲಿಂದ ವಿದ್ಯುತ್ ಹಾಯಿಸುವ ಅಗ್ಗದ ಟೆನ್ಸ್ ಯಂತ್ರವನ್ನು ಮೊದಲು ಪರೀಕ್ಷಿಸುವುದು ಜಾಣತನ. ಕತ್ತೇ ಮುಖ್ಯ ಎಂದಾದರೂ, ತಲೆಯ ಹಿಂಬದಿಯ ನರದ ಸುತ್ತ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿ ಚುಚ್ಚುವ ಹಳೆಯ ವಿಧಾನವೊಂದು ಇದೆ. ಅದರ ಔಷಧಿಯ ಖರ್ಚು ಬಹಳ ಕಡಿಮೆ, ಮೈಗ್ರೇನಿನಲ್ಲಿ ಅದಕ್ಕಿರುವ ಸಾಕ್ಷ್ಯ ಸುರುಳಿಗಿಂತ ಹೆಚ್ಚು. ಇನ್ನು ಎರಡು ವಾರದಲ್ಲಿ ಆರು ಸಲ ಎಂಬುದು ಮ್ಯೂನಿಕ್ಕಿನ ವಿದ್ಯಾರ್ಥಿನಿಗೆ ಟ್ರಾಮಿನ ಪ್ರಯಾಣ. ಕೂಲಿಗೆ ಹೋಗುವ ಹೆಂಗಸಿಗೆ ಅದು ಆರು ದಿನದ ಕೂಲಿ, ಮೈಸೂರಿಗೆ ಹೋಗಿಬರುವ ದಾರಿ, ಮನೆಯಲ್ಲಿ ಮಕ್ಕಳನ್ನೂ ಹಸುವನ್ನೂ ನೋಡಿಕೊಳ್ಳಲು ಯಾರನ್ನಾದರೂ ಒಪ್ಪಿಸುವ ಕೆಲಸ. ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಿರಬಹುದು, ದಿನ ಉಚಿತವಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಮಾತ್ರೆ ತಿಂದು ತಿಂದು ಜನ ಸೋತಿದ್ದಾರೆ, ಹಾಗಾಗಿ ಮಾತ್ರೆಯಿಲ್ಲದ ದಾರಿಯನ್ನು ಸ್ವಾಗತಿಸಬೇಕು ಎಂಬುದು. ಇದರಲ್ಲಿ ಅರ್ಧ ಸತ್ಯ ಖಂಡಿತ ಇದೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಅದೇ ಎರಡು ಮೂರು ಔಷಧಿ ಬೆರೆತ ಮಾತ್ರೆಯಾದರೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತ ಹೋದರೆ ಆ ಮಾತ್ರೆಯೇ ತಲೆನೋವನ್ನು ದಿನನಿತ್ಯದ್ದಾಗಿಸುತ್ತದೆ. ನಮ್ಮ ರಾಜ್ಯದ ಸಮೀಕ್ಷೆಯಲ್ಲಿ ಶೇ. 1.2 ಜನ ಈ ಸ್ಥಿತಿಯಲ್ಲಿ ಇರುವಂತೆ ಕಂಡಿತ್ತು. ನೂರು ಮಂದಿ ವಯಸ್ಕರಿಗೆ ಒಬ್ಬರು. ಆದರೆ ಜನ ಸೋತಿರುವುದು ನೋವು ಬಂದಾಗ ನುಂಗುವ ಮಾತ್ರೆಯಿಂದ. ನೋವು ಬಾರದಂತೆ ತಡೆಯುವ ಔಷಧಿಯನ್ನು ಬಹುಪಾಲು ಜನ ಇನ್ನೂ ನೋಡಿಯೇ ಇಲ್ಲ ಎಂಬುದು ನನ್ನ ಅನುಮಾನ. ಪ್ರೊಪ್ರನೊಲಾಲ್ ಮತ್ತು ಅಮಿಟ್ರಿಪ್ಟಿಲಿನ್ ಎರಡೂ ಹಳೆಯವು, ಅಗ್ಗದವು, ರಾಷ್ಟ್ರೀಯ ಅಗತ್ಯ ಔಷಧಿ ಪಟ್ಟಿಯಲ್ಲಿ ಇರುವಂಥವು. ದಿನವೂ ತೆಗೆದುಕೊಳ್ಳಬೇಕು, ಫಲ ಕಾಣಲು ಕೆಲವು ವಾರ ಕಾಯಬೇಕು. ತೊಂದರೆಗಳೂ ಉಂಟು: ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಆಗದು, ಅಮಿಟ್ರಿಪ್ಟಿಲಿನ್ ಮಂಪರು ತರುತ್ತದೆ, ಇದೇ ಉದ್ದೇಶಕ್ಕೆ ಬಳಸುವ ವಾಲ್ಪ್ರೊಯೇಟನ್ನು ಮಗುವಾಗುವ ವಯಸ್ಸಿನ ಹೆಂಗಸರಿಗೆ ಕೊಡಬಾರದು. ವೈದ್ಯರು ನೋಡಿಯೇ ಬರೆಯಬೇಕು. ಹೀಗಿರುವಾಗ ಮಾತ್ರೆ ಸೋತಿದೆ, ಅಯಸ್ಕಾಂತಕ್ಕೆ ಹೋಗೋಣ ಎನ್ನುವುದು ಆಡದ ಪಂದ್ಯವನ್ನು ಸೋತೆವೆಂದು ಬಿಟ್ಟುಕೊಟ್ಟಂತೆ. ಹಸಿವು, ನಿದ್ದೆ, ಬಿಸಿಲಿನ ಎಚ್ಚರ ಮತ್ತು ಕತ್ತಿನ ಸರಳ ವ್ಯಾಯಾಮ ಇವಕ್ಕೆ ಯಾವ ಯಂತ್ರವೂ ಬೇಡ.

ಅಪಾಯದ ವಿಷಯದಲ್ಲಿ ಹೆದರಿಸುವಂಥದ್ದೇನೂ ಇಲ್ಲ, ಆದರೂ ಕೆಲವು ಎಚ್ಚರಿಕೆಗಳಿವೆ. ಪೇಸ್‌ಮೇಕರ್ ಹಾಕಿಸಿಕೊಂಡವರು, ಕಿವಿಯೊಳಗೆ ಕಾಕ್ಲಿಯರ್ ಯಂತ್ರ ಇರುವವರು, ಕತ್ತಿನ ಬಳಿ ಲೋಹದ ತುಂಡು ಇರುವವರು ಸುರುಳಿಯ ಹತ್ತಿರ ಹೋಗಬಾರದು. ಬಸುರಿಯರಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ. ಮೂರ್ಛೆರೋಗ ಇದ್ದವರ ಮಿದುಳಿಗೆ ಮಿಡಿತ ಕೊಡುವಾಗ ವಿಶೇಷ ಜಾಗ್ರತೆ ಬೇಕು. ಹೆಗಲಿನ ಮೇಲೆ ಆ ಭಯ ಕಡಿಮೆ, ಆದರೂ ಕೇಳಿ ತಿಳಿಯಬೇಕು. ನಮ್ಮ ಸೀಮೆಯಲ್ಲಿ ಹೀಗೆ ಕೇಳುವುದಕ್ಕೆ ಹೆಚ್ಚುವರಿ ಕಾರಣವಿದೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಬಿಸಿನೀರ ಅಪಸ್ಮಾರ ಜಗತ್ತಿನಲ್ಲೇ ಹೆಚ್ಚಾಗಿ ವರದಿಯಾಗಿರುವ ಪ್ರದೇಶಗಳಲ್ಲಿ ದಕ್ಷಿಣ ಕರ್ನಾಟಕ ಒಂದು. ತಿ. ನರಸೀಪುರಕ್ಕೆ ದೂರವಲ್ಲದ ಯಳಂದೂರಿನಲ್ಲಿ ನರರೋಗ ತಜ್ಞ ಕೆ.ಎಸ್. ಮಣಿ ಅವರ ತಂಡ ಹಳ್ಳಿಗರ ನಡುವೆ ನಡೆಸಿದ ಮೂರ್ಛೆರೋಗದ ಅಧ್ಯಯನ ಈಗಲೂ ಉಲ್ಲೇಖವಾಗುತ್ತದೆ. ತಲೆಸ್ನಾನದ ದಿನ ತಲೆನೋವು ಬರುತ್ತದೆ ಎನ್ನುವವರನ್ನು, ಆ ಹೊತ್ತಿನಲ್ಲಿ ಅರಿವು ತಪ್ಪಿದಂತಾಗುತ್ತದೆಯೇ ಎಂದು ಇನ್ನೊಂದು ಪ್ರಶ್ನೆ ಕೇಳುವುದರಲ್ಲಿ ನಷ್ಟವಿಲ್ಲ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಬೇರೆ ಕಾಯಿಲೆಯನ್ನು ಮೈಗ್ರೇನ್ ಎಂದುಕೊಂಡು ಸುರುಳಿ ಹಿಡಿಯುವುದು. ಸಿಡಿಲಿನಂತೆ ಒಮ್ಮೆಲೇ ಬಡಿದ ನೋವು, ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ನೋವು, ಜ್ವರದ ಜೊತೆ ಕತ್ತು ಬಗ್ಗದಂತಾದದ್ದು, ಕೈಕಾಲು ಸೋತು ಮಾತು ತೊದಲಿದ್ದು, ಇವು ಯಾವ ಯಂತ್ರಕ್ಕೂ ಕಾಯದೆ ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕಾದ ನೋವುಗಳು.

ಹಾಗಾದರೆ ಸುರುಳಿಯನ್ನು ಮರೆತುಬಿಡಬೇಕೇ? ಖಂಡಿತ ಬೇಡ. ಬಸುರಿಗೆ ಪ್ರಯತ್ನಿಸುತ್ತಿರುವವರು, ತಡೆಯುವ ಔಷಧಿಗಳು ಒಗ್ಗದವರು, ಹದಿಹರೆಯದ ಮಕ್ಕಳು, ಇವರಿಗೆಲ್ಲ ಔಷಧಿಯಿಲ್ಲದ ದಾರಿಯೊಂದು ನಿಜವಾಗಿಯೂ ಬೇಕು. ನಿಮ್ಹಾನ್ಸ್‌ನಲ್ಲಿ ಕಾಂತೀಯ ಪ್ರಚೋದನೆಯ ಅನುಭವ ಬಹಳ ಕಾಲದಿಂದ ಇದೆ. ಮೈಸೂರಿನಲ್ಲಿ 1930ರಿಂದ ವೈದ್ಯಕೀಯ ಕಾಲೇಜಿದೆ, ಅದರ ಕೆ.ಆರ್. ಆಸ್ಪತ್ರೆಗೆ ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಜನ ಬರುತ್ತಲೇ ಇದ್ದಾರೆ. ದೊಡ್ಡ ಪ್ರಯೋಗವೊಂದನ್ನು ಇಲ್ಲೇ ನಡೆಸಬಹುದು: 37 ಜನರ ಬದಲು ಕೆಲವು ನೂರು ಜನ. ಇಪ್ಪತ್ತೈದರ ನಗರದ ಹುಡುಗಿಯರ ಜೊತೆ ನಲವತ್ತೈದರ ಹಳ್ಳಿಯ ಹೆಂಗಸರೂ ಗಂಡಸರೂ. ಕತ್ತು, ತೋಳು ಮತ್ತು ಸದ್ದು ಮಾತ್ರ ಮಾಡುವ ಹುಸಿ ಸುರುಳಿ ಎಂದು ಮೂರು ಗುಂಪು. ಕನಿಷ್ಠ ಮೂರು ತಿಂಗಳ ಲೆಕ್ಕ. ಹುಸಿ ಸುರುಳಿ ಇಡುವುದು ಸುಲಭವಲ್ಲ, ಏಕೆಂದರೆ ಸ್ನಾಯು ಕುಣಿಯದಿದ್ದರೆ ರೋಗಿಗೆ ಗುಟ್ಟು ತಿಳಿದುಬಿಡುತ್ತದೆ. ಹಾಗಾಗಿಯೇ ಮಿಡಿತದ ಬಲವನ್ನು ತೀರ ತಗ್ಗಿಸಿ ಕೊಡುವಂಥ ಉಪಾಯಗಳನ್ನು ಯೋಚಿಸಬೇಕಾಗುತ್ತದೆ. ಇಂಥ ಪ್ರಯೋಗದಲ್ಲಿ ಕತ್ತು ಗೆದ್ದರೆ ಸರ್ಕಾರ ಯಂತ್ರ ಕೊಳ್ಳುವ ಮಾತು ಆಡಬಹುದು. ಅಲ್ಲಿಯವರೆಗೆ ರೋಗಿಯಿಂದ ಹಣ ಪಡೆದು ಈ ಚಿಕಿತ್ಸೆ ಕೊಡುವವರು, ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದು ಹಣ ಪಡೆಯುವ ಮೊದಲೇ ಹೇಳಬೇಕು.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಲಕ್ವ, ಮೂರ್ಛೆರೋಗ, ಮರೆವಿನ ಕಾಯಿಲೆಗಳ ಜೊತೆ ತಲೆನೋವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡದ್ದು ಸರಿಯಾದ ಹೆಜ್ಜೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವನ್ನು ವಿಂಗಡಿಸುವ ತರಬೇತಿ ಸಿಕ್ಕರೆ ಅದರಿಂದ ಆಗುವ ಉಪಕಾರ ಹತ್ತು ಸುರುಳಿ ಯಂತ್ರಗಳಿಗಿಂತ ಹೆಚ್ಚು. ಆದರೆ ವೈದ್ಯರ ಬಳಿ ಇರುವುದು ಕೆಲವೇ ನಿಮಿಷ. ಆ ನಿಮಿಷಗಳು ವ್ಯರ್ಥವಾಗದಂತೆ ಓದುಗರು ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ತಲೆನೋವು ಬಂದ ದಿನಕ್ಕೆ ಒಂದು ಸುತ್ತು ಹಾಕಿ, ಮಾತ್ರೆ ನುಂಗಿದ ದಿನಕ್ಕೆ ಒಂದು ಗೀಟು ಎಳೆಯಿರಿ. ಮುಟ್ಟಿನ ದಿನ, ಊಟ ಬಿಟ್ಟ ದಿನ, ತಲೆಗೆ ನೀರು ಹಾಕಿಕೊಂಡ ದಿನ ಗುರುತಿದ್ದರೆ ಇನ್ನೂ ಒಳ್ಳೆಯದು. ಮೂರು ತಿಂಗಳ ಹಾಳೆ ಹಿಡಿದು ವೈದ್ಯರ ಮುಂದೆ ಕೂತು, ಇದು ಮೈಗ್ರೇನೇ ಎಂದು ಕೇಳಿ. ತಿಂಗಳಿಗೆ ಹತ್ತಕ್ಕಿಂತ ಹೆಚ್ಚು ಗೀಟುಗಳಿದ್ದರೆ ಮೂರು ತಿಂಗಳು ಕಾಯಬೇಡಿ, ಈ ವಾರವೇ ಹೋಗಿ.